ಗೆದ್ದಲು ಬಿಟ್ಟ ಏಳು ಹಾಳೆಗಳು

ಪುಟ್ಟಿ, ಮರಿ,

ನಿಮಗೆ ಓದಲು ಬಾರದ ಅಕ್ಷರದಲ್ಲಿ ನಿಮಗೇ ಬರೆಯುತ್ತಿದ್ದೇನೆ. ಇದು ಬುದ್ಧಿವಂತರ ಕೆಲಸವಲ್ಲವೆಂದು ನನಗೂ ಗೊತ್ತು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ನೀವು ಮಲಯಾಳಂನಲ್ಲಿ ಉತ್ತರ ಕೊಡುತ್ತೀರಿ. ಆ ಉತ್ತರ ಮುಕ್ಕಾಲು ಪಾಲು ತಿಳಿಯುತ್ತದೆ, ಉಳಿದದ್ದನ್ನು ನಿಮ್ಮ ಮುಖ ನೋಡಿ ತಿಳಿದುಕೊಳ್ಳುತ್ತೇನೆ. ಈ ಹಾಳೆಗಳನ್ನು ನಿಮ್ಮಪ್ಪನೇ ಓದಿ ಹೇಳಬೇಕು. ಅವನು ತನಗೆ ಹಿಡಿಸದ ಸಾಲನ್ನು ಹಾರಿಸುತ್ತಾನೆ, ಹಾರಿಸುವಾಗ ಕೆಮ್ಮುತ್ತಾನೆ. ಕೆಮ್ಮಿದ ಕಡೆ ನಿಲ್ಲಿಸಿ ಕೇಳಿ.

ಮೊದಲ ಕೆಮ್ಮು ಇಲ್ಲೇ ಬರಬಹುದು. ತಿರುವನಂತಪುರದ ಈ ಮನೆಗೆ ಯಾರೇ ಬಂದರೂ ಅವನು ಒಂದು ಮಾತು ಹೇಳುತ್ತಾನೆ: "ನಮ್ಮಮ್ಮ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವರು. ಕೊಚ್ಚಿಗೆ ಬಂದು ಮಲಯಾಳಂ ಬೈಬಲ್ ಓದೋದು ಕಲಿತುಬಿಟ್ಟರು." ನಿಜ ಏನೆಂದು ತಿಳಿದ ಮೇಲೂ ಅವನು ಇದನ್ನು ಬಿಟ್ಟಿಲ್ಲ. ಆ ನಿಜವನ್ನು ಬರೆದಿಡುತ್ತೇನೆ.

ನಮ್ಮದು ಮೈಸೂರು ಸೀಮೆಯ ಕ್ರೈಸ್ತರ ಹಳ್ಳಿ. ಆರನೇ ಕ್ಲಾಸಿನಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ನನ್ನನ್ನು ಪದ್ಯ ಹೇಳಲು ನಿಲ್ಲಿಸಿದರು. ಮೊದಲ ಸಾಲೇ ಬರಲಿಲ್ಲ. ನಾನು ಎಷ್ಟು ಹೊತ್ತು ಸುಮ್ಮನೆ ನಿಂತೆನೆಂದರೆ, ಮುಂದಿನ ಕೋಲಾಟದ ಮಕ್ಕಳು ನನ್ನ ಸುತ್ತಲೇ ಆಡಿ ಮುಗಿಸಿದರು. ಆಮೇಲೆ ನಾನು ನಾಲ್ಕು ಜನರ ಮುಂದೆ ಬಾಯಿ ತೆರೆದದ್ದು ಮದುವೆಯ ದಿನ, ಅದೂ ಒಪ್ಪಿಗೆಯ ಒಂದು ಮಾತಿಗೆ.

ನಿಮ್ಮ ತಾತನಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ಕೊಚ್ಚಿಗೆ ವರ್ಗವಾಗಿ ಪಾಲಾರಿವಟ್ಟಂನಲ್ಲಿ ಮನೆ ಮಾಡಿದಾಗ ನಿಮ್ಮಪ್ಪ ಇಲ್ಲಿ, ತಿರುವನಂತಪುರದಲ್ಲಿ, ಕಾಲೇಜು ಸೇರಿದ್ದ. ಮನೆಯಲ್ಲಿ ನಾವಿಬ್ಬರೇ. ಅಲ್ಲಿನ ಚರ್ಚಿನವರು ಮನೆಗಳನ್ನು ಗುಂಪು ಗುಂಪಾಗಿ ಸೇರಿಸಿ ಘಟಕ ಮಾಡಿದ್ದಾರೆ. ತಿಂಗಳಿಗೊಮ್ಮೆ ಒಂದೊಂದು ಮನೆಯಲ್ಲಿ ಸಂಜೆಯ ಪ್ರಾರ್ಥನೆ. ನಮ್ಮ ಘಟಕದಲ್ಲಿ ಒಂದು ಪದ್ಧತಿಯಿತ್ತು. ಜಪಸರದ ಪ್ರಾರ್ಥನೆಯನ್ನು ಮನೆಯ ಗಂಡಸು ನಡೆಸಬೇಕು, ಬೈಬಲಿನ ಶುಭಸಂದೇಶದ ಒಂದು ಭಾಗವನ್ನು ಮನೆಯ ಹೆಂಗಸು ಓದಬೇಕು. ನಮ್ಮ ಸರದಿ ಬಂದಾಗ ನಾನು ಎರಡು ದಿನ ಊಟ ಬಿಟ್ಟೆ. ಉಪವಾಸವೆಂದು ಅಕ್ಕಪಕ್ಕದವರು ತಿಳಿದರು.

ನಿಮ್ಮ ತಾತ ಕಚೇರಿಯಲ್ಲಿ ಮಲಯಾಳಂ ಕಲಿತಿದ್ದರು. ಕಚೇರಿಯ ಹಳೆಯ ಹಾಳೆಗಳ ಖಾಲಿ ಬದಿಯಲ್ಲಿ, ಮಲಯಾಳಂ ಶುಭಸಂದೇಶವನ್ನು ಕನ್ನಡ ಅಕ್ಷರದಲ್ಲಿ ದಪ್ಪಗೆ ಬರೆದುಕೊಟ್ಟರು. "ಇದನ್ನ ಬೈಬಲ್ ಒಳಗಿಟ್ಕೊಂಡು ಓದು, ಅಷ್ಟೆ."

"ಇದು ಮೋಸ ಅಲ್ವೇನ್ರೀ?"

"ಪವಿತ್ರಾತ್ಮ ಇಳಿದಾಗ ಯೇಸುವಿನ ಶಿಷ್ಯರೆಲ್ಲ ಬಾರದ ಭಾಷೆ ಮಾತಾಡ್ಲಿಲ್ವೇನೇ? ನಿನಗೆ ಅಕ್ಷರ ಒಂದು ಇಳಿದಿಲ್ಲ. ಅದನ್ನ ನಾನು ಇಳಿಸ್ತಿದೀನಿ."

ಅರ್ಥ ಅರ್ಧಂಬರ್ಧ ತಿಳಿಯುತ್ತಿದ್ದುದರಿಂದ ನಾನು ಒಂದೊಂದೇ ಪದ ಇಟ್ಟು ಓದಿದೆ. ಭಯಕ್ಕೆ ದನಿ ನಡುಗಿತು. "ಚೇಚಿಯದು ಎಂಥ ಭಕ್ತಿ" ಎಂದು ಎಲ್ಲರೂ ಮೆಚ್ಚಿದರು. ಅವರಿಗೆಲ್ಲ ನಾನು ಚೇಚಿ, ನಮ್ಮ ಕಡೆಯ ಅಕ್ಕ. ಹೀಗೆ ವರ್ಷಕ್ಕೊಂದು ಹಾಳೆಯಂತೆ ಇಪ್ಪತ್ತು ವರ್ಷ ನಡೆಯಿತು.

ಆಮೇಲೆ ಒಂದು ನವೆಂಬರಿನಲ್ಲಿ, ನಮ್ಮ ಸರದಿಗೆ ಎರಡು ವಾರ ಇರುವಾಗ, ನಿಮ್ಮ ತಾತ ಹೋಗಿಬಿಟ್ಟರು.

ತಿಂಗಳು ಕಳೆದ ಮೇಲೆ ಘಟಕದ ಅಧ್ಯಕ್ಷರು ಬಂದರು. ಏಲೂರಿನ ಗೊಬ್ಬರದ ಕಾರ್ಖಾನೆಯಿಂದ ನಿವೃತ್ತರಾದವರು, ಎಲ್ಲರಿಗೂ ಚೇಟ್ಟನ್, ನಮ್ಮ ಕಡೆಯ ಅಣ್ಣ. ಒಳ್ಳೆಯ ಮನಸ್ಸಿನವರು. ಒಳ್ಳೆಯ ಮನಸ್ಸಿನವರಿಂದಲೇ ನನಗೆ ಹೆಚ್ಚು ತೊಂದರೆಯಾಗಿದೆ. "ಚೇಚಿ ಒಬ್ಬರೇ ಕೂತು ಕೊರಗಬಾರದು. ಈ ವರ್ಷವಿಡೀ ಎಲ್ಲ ಮನೆಗಳಲ್ಲೂ ಶುಭಸಂದೇಶ ನೀವೇ ಓದಬೇಕು. ಯಾವ ಭಾಗ ಓದಬೇಕೆಂದು ನೀವೇ ಆರಿಸಿ" ಎಂದರು. ಆಗುವುದಿಲ್ಲವೆನ್ನಲು ಬಾಯಿ ಬೇಕು. ನಾನು ಚಹಾ ತಂದುಕೊಟ್ಟೆ. ಅದನ್ನು ಅವರು ಒಪ್ಪಿಗೆಯೆಂದು ತಿಳಿದರು.

ನಿಮ್ಮ ತಾತ ಹಾಳೆಗಳನ್ನೆಲ್ಲ ಮರದ ಕಪಾಟಿನಲ್ಲಿ ಫೈಲು ಮಾಡಿಟ್ಟಿದ್ದರು. ತೆಗೆದು ನೋಡಿದರೆ ಗೆದ್ದಲು. ಇಪ್ಪತ್ತರಲ್ಲಿ ಏಳು ಉಳಿದಿದ್ದವು. ಎಲ್ಲಕ್ಕಿಂತ ಮೇಲೆ ಎಂಟನೆಯದೊಂದು, ಅರ್ಧ ಬರೆದು ನಿಲ್ಲಿಸಿದ್ದು. ಬರಬೇಕಿದ್ದ ಸರದಿಗೆಂದು ಕೊನೆಯ ವಾರ ಬರೆಯುತ್ತಿದ್ದರು. ಅದನ್ನು ಬೇರೆ ಎತ್ತಿಟ್ಟೆ.

ನಿಮ್ಮಪ್ಪನನ್ನು ಕೇಳಿದ್ದರೆ ಬರೆದುಕೊಡುತ್ತಿದ್ದ. ಆದರೆ ಅಮ್ಮ ಮಲಯಾಳಂ ಕಲಿತಳೆಂದು ಅವನೂ ನಂಬಿದ್ದ. ಇನ್ನೊಂದು ಹೆದರಿಕೆಯೂ ಇತ್ತು. ಗುಟ್ಟು ಹೊರಬಿದ್ದರೆ ಜನ ನನ್ನನ್ನು ನೋಡಿ ನಗಲಿ, ನನಗೆ ಅದು ಆರನೇ ಕ್ಲಾಸಿನಿಂದಲೇ ಅಭ್ಯಾಸ. ನಿಮ್ಮ ತಾತನ ಕೈಬರಹ ನೋಡಿ ನಗುತ್ತಾರಲ್ಲ, ಸತ್ತವರನ್ನು ಮೋಸಗಾರರೆನ್ನುತ್ತಾರಲ್ಲ, ಅದನ್ನು ಮಾತ್ರ ತಡೆಯಲಾರೆ ಅನ್ನಿಸಿತು.

ಹಾಗಾಗಿ ಆ ವರ್ಷ ದೇವರ ವಾಕ್ಯವನ್ನು ಆರಿಸಿದ್ದು ಗೆದ್ದಲು. ಡಿಸೆಂಬರಿನಲ್ಲಿ ಎಲ್ಲರೂ ಯೇಸು ಹುಟ್ಟಿದ ಗೋದಲಿಯ ಕಥೆಗೆ ಕಾದಿದ್ದರೆ ನನ್ನ ಕೈಗೆ ಬಂದದ್ದು ಕಾನಾ ಊರಿನ ಮದುವೆ. ಆ ಮನೆಯಲ್ಲಿ ಹಿಂದಿನ ದಿನವಷ್ಟೇ ಮಗಳ ಮದುವೆ ಗೊತ್ತಾಗಿತ್ತಂತೆ. ತಾಯಿ ನನ್ನ ಕೈ ಹಿಡಿದು ಅತ್ತಳು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ, ಐವತ್ತು ದಿನ ಮೀನು ಬಿಟ್ಟವರ ನಡುವೆ ಕೂತು, ಐದು ರೊಟ್ಟಿ ಎರಡು ಮೀನಿನದು ಓದಿದೆ. ಎರಡು ಮೀನು ಎಂದಾಗ ಗಂಡಸರ ಸಾಲಿನಿಂದ ಒಂದು ನಿಟ್ಟುಸಿರು ಕೇಳಿತು. "ಚೇಚಿ ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ" ಎಂದರು ಚೇಟ್ಟನ್, ಬಹಳ ಗೌರವದಿಂದ.

ಮೇ ತಿಂಗಳಲ್ಲಿ ಮನೆಬಿಟ್ಟು ಹೋಗಿ ತಿರುಗಿ ಬಂದ ಕಿರಿಯ ಮಗನ ಕಥೆ. ಆ ಮನೆಯಲ್ಲಿ ಕಿರಿಯ ಮೈದುನ ಕೊಲ್ಲಿ ದೇಶದಿಂದ ಬರಿಗೈಲಿ ಬಂದು ಕೂತು ಆರು ತಿಂಗಳಾಗಿತ್ತು. ನನಗೆ ಹೇಗೆ ಗೊತ್ತಾಗಬೇಕು? ಓದಿ ತಲೆಯೆತ್ತಿದರೆ ಮೈದುನ ಹಿಗ್ಗಿದ್ದ, ಅತ್ತಿಗೆ ಸೆಟೆದಿದ್ದಳು. ಅವಳು ನನ್ನೊಡನೆ ಮಾತು ಬಿಟ್ಟಳು. ಜೂನ್‌ನಲ್ಲಿ, ಹೊಸ್ತಿಲವರೆಗೆ ನೀರು ನಿಂತ ಮನೆಯಲ್ಲಿ, ಯೇಸುಸ್ವಾಮಿ ಬಿರುಗಾಳಿ ಅಡಗಿಸಿದ್ದನ್ನು ಓದಿದೆ. ಮರುದಿನ ಬೆಳಿಗ್ಗೆ ಬಿಸಿಲು ಬಂತು.

ಅಲ್ಲಿಗೆ ನನ್ನ ಕಥೆ ಮುಗಿಯಿತು. ಚೇಚಿಗೆ ಒಳಗಿನಿಂದ ತಿಳಿಯುತ್ತದೆ ಎಂಬ ಸುದ್ದಿ ಘಟಕವೆಲ್ಲ ಹಬ್ಬಿತು. ಸಂದರ್ಶನಕ್ಕೆ ಹೊರಟ ಹುಡುಗಿಯರು ಬಂದು ತಲೆ ಬಗ್ಗಿಸಿ ನಿಂತರು. ನಾನು ಏನೂ ಹೇಳದಿದ್ದರೆ ಅದಕ್ಕೂ ಒಂದು ಅರ್ಥ ಹುಟ್ಟುತ್ತಿತ್ತು. ಹಾಳೆ ಮುಗಿದು ಕಾನಾ ಮದುವೆಯನ್ನೇ ಎರಡನೇ ಸಲ ಓದಿದಾಗ, "ಒಂದೇ ವಿಷಯವನ್ನು ಒತ್ತಿ ಹೇಳುತ್ತಿದ್ದಾರೆ" ಎಂದರು. ಘಟಕದಲ್ಲಿ ಅತ್ಯಂತ ಹೆಚ್ಚು ಹೆದರುವವಳು ನಾನು, ಜನ ಹೆದರುತ್ತಿದ್ದದ್ದೂ ನನಗೇ.

ನವೆಂಬರ್ ಬಂತು. ತಾತನ ವರ್ಷದ ಪ್ರಾರ್ಥನೆ, ನಮ್ಮ ಮನೆಯಲ್ಲೇ. ನೀವೆಲ್ಲ ಇಲ್ಲಿಂದ ರೈಲಿನಲ್ಲಿ ಬಂದಿರಿ. ಮರಿಗೆ ಆ ದಿನದ ಕಟ್ಲೆಟ್ ಮಾತ್ರ ನೆನಪಿರಬಹುದು. ಅವತ್ತು ಆ ಏಳರಲ್ಲಿ ಯಾವುದನ್ನೂ ಓದಲು ಮನಸ್ಸು ಬರಲಿಲ್ಲ. ಅರ್ಧ ಹಾಳೆಯನ್ನು ಬೈಬಲ್ ಒಳಗಿಟ್ಟೆ. ನಿಮ್ಮ ತಾತ ಅದನ್ನು ಆ ಮನೆಯ ಸರದಿಗೆಂದೇ ಬರೆದದ್ದು. ಎಮ್ಮಾವು ಊರಿಗೆ ಹೊರಟ ಇಬ್ಬರು ಶಿಷ್ಯರ ಕಥೆ. ಜೊತೆಗೆ ನಡೆದವರು ಸಾವಿನಿಂದ ಎದ್ದ ಯೇಸುಸ್ವಾಮಿಯೆಂದು ಅವರಿಗೆ ತಿಳಿಯುವುದಿಲ್ಲ. ಹೊತ್ತು ಇಳಿಯಿತು, ಇಲ್ಲೇ ಉಳಿಯಿರಿ ಎಂದು ಅವರು ಕರೆಯುವಲ್ಲಿಗೆ ಬರಹ ನಿಂತಿತ್ತು. ಅಲ್ಲಿಗೆ ಓದಿ ನಿಲ್ಲಿಸಿ ಶಿಲುಬೆ ಗುರುತು ಹಾಕಿದರಾಯಿತು, ಆ ಹೊತ್ತಿಗೆ ಎಲ್ಲರ ಗಮನ ಅಡುಗೆಮನೆಯ ಕಡೆ ಇರುತ್ತದೆ ಎಂದು ಲೆಕ್ಕ ಹಾಕಿದ್ದೆ.

ನಿಲ್ಲಿಸಿದೆ. ಪುಟ್ಟಿ, ನೀನು ನನ್ನ ಮಗ್ಗುಲಲ್ಲಿ ಕೂತು ಹಾಳೆಯನ್ನೇ ನೋಡುತ್ತಿದ್ದೆ. "ಅಜ್ಜೀ, ಬಾಕ್ಕಿ ಎವಿಡೆ?" ಎಂದು ಕೇಳಿಬಿಟ್ಟೆ. ಉಳಿದದ್ದೆಲ್ಲಿ ಎಂದು, ಎಲ್ಲರಿಗೂ ಕೇಳುವ ಹಾಗೆ.

ಉಳಿದದ್ದು ನನಗೆ ಬಾಯಿಪಾಠವಿತ್ತು, ಹಳ್ಳಿಯಲ್ಲಿ ಸಿಸ್ಟರ್ ಹೇಳಿಕೊಟ್ಟದ್ದು. ಆದರೆ ಕನ್ನಡದಲ್ಲಿ. ಖಾಲಿ ಜಾಗವನ್ನು ನೋಡುತ್ತಾ ಕನ್ನಡದಲ್ಲೇ ಹೇಳಿ ಮುಗಿಸಿದೆ. ಊಟಕ್ಕೆ ಕೂತದ್ದು, ಅವರು ರೊಟ್ಟಿ ಮುರಿದದ್ದು, ಮುರಿದ ಕ್ಷಣ ಇವರಿಗೆ ಗುರುತು ಸಿಕ್ಕಿದ್ದು, ಗುರುತು ಸಿಕ್ಕಿದೊಡನೆ ಅವರು ಕಾಣದೆ ಹೋದದ್ದು. ದನಿ ನಡುಗಲಿಲ್ಲ. ನಡುಗಲಿಲ್ಲವೆಂದು ಆಮೇಲೆ ನೆನಪಾಯಿತು.

ಚೇಟ್ಟನ್ ಎರಡೂ ಕೈ ಮೇಲೆತ್ತಿದರು. ಹಿಂದಿನಿಂದ ಯಾರೋ "ಭಾಷಾವರಂ" ಎಂದು ಪಿಸುಗುಟ್ಟಿದರು. ಪವಿತ್ರಾತ್ಮ ತುಂಬಿದವರು ಯಾರಿಗೂ ಅರ್ಥವಾಗದ ಭಾಷೆ ಆಡುತ್ತಾರಲ್ಲ, ಆ ವರ. ಅವರಾರೂ ಅದುವರೆಗೆ ನನ್ನ ಕನ್ನಡ ಕೇಳಿರಲಿಲ್ಲ. ಇಬ್ಬರು ಮೊಣಕಾಲೂರಿದರು.

ಸುಮ್ಮನಿದ್ದರೆ ಸಂತಳಾಗುತ್ತಿದ್ದೆ. ಸುಮ್ಮನಿರುವುದು ನನಗೆ ಚೆನ್ನಾಗಿಯೇ ಬರುತ್ತದೆ. ಆದರೆ ನಿಮ್ಮ ತಾತನ ಬರಹದ ಮೇಲೆ ಇನ್ನೊಂದು ಸುಳ್ಳು ಪೇರಿಸಲು ಮನಸ್ಸಾಗಲಿಲ್ಲ. "ಅದು ಕನ್ನಡಯಾಣು" ಎಂದೆ, ಅದು ಬರೀ ಕನ್ನಡ ಎಂದು. ಇಪ್ಪತ್ತೊಂದು ವರ್ಷದಲ್ಲಿ ನಾನು ಹಾಳೆಯಿಲ್ಲದೆ ಜನರ ಮುಂದೆ ಆಡಿದ ಮೊದಲ ಮಲಯಾಳಂ ಮಾತು. ಹಾಳೆಯನ್ನು ತೆಗೆದು ಚೇಟ್ಟನ್ ಕೈಗೆ ಕೊಟ್ಟೆ. ಉಳಿದದ್ದನ್ನು ನಾನು ಕನ್ನಡದಲ್ಲಿ ಹೇಳಿದೆ, ನಿಮ್ಮಪ್ಪ ಮಲಯಾಳಂ ಮಾಡಿದ. ಅವನಿಗೂ ಅದು ಹೊಸ ಸುದ್ದಿಯಾದ್ದರಿಂದ ನಡುನಡುವೆ ನಿಂತು ನನ್ನ ಮುಖ ನೋಡುತ್ತಿದ್ದ.

ಮೊದಲು ಮಾತಾಡಿದವಳು ಮೇ ತಿಂಗಳ ಅತ್ತಿಗೆ. "ಹಾಗಾದರೆ ಚೇಚಿ ಅವತ್ತು ನನಗೆ ಚುಚ್ಚಲೆಂದು ಓದಿದ್ದಲ್ಲವೇ?"

"ಗೆದ್ದಲು ಅದನ್ನ ಬಿಟ್ಟಿತ್ತು, ಅದಕ್ಕೆ ಓದಿದೆ."

"ಆರು ತಿಂಗಳು ಸುಮ್ಮನೆ ಸಿಟ್ಟು ಮಾಡಿಕೊಂಡೆನಲ್ಲ" ಎಂದು ಅವಳು ನಿಜವಾಗಿಯೂ ಬೇಸರಪಟ್ಟಳು.

ಚೇಟ್ಟನ್ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು. ಹಿಂಬದಿಯಲ್ಲಿ ರಜೆ ಅರ್ಜಿಯ ನಮೂನೆ. ನಾನು ನಗು ಬರುವುದನ್ನೇ ಕಾಯುತ್ತಿದ್ದೆ. "ಪ್ರತಿ ವರ್ಷ ಹೀಗೆ ಕೂತು ಬರೆದುಕೊಟ್ಟರೇ?" ಎಂದು ಕೇಳಿದರು. ಹೌದೆಂದೆ. "ನಾನು ನನ್ನ ಹೆಂಡತಿಗೆ ಒಂದು ಚೀಟಿಯನ್ನೂ ಬರೆದಿಲ್ಲ."

"ಅದೊಂದು ಸತ್ಯ ಇವತ್ತು ಹೊರಗೆ ಬಂತು" ಎಂದಳು ಅವರ ಹೆಂಡತಿ, ಮೂಲೆಯಿಂದ.

ಆಗ ನಕ್ಕರು. ನಿಮ್ಮ ತಾತನನ್ನು ನೋಡಿ ಅಲ್ಲ. ಕಾನಾ ಮದುವೆಯ ತಾಯಿ ಮಾತ್ರ ಕೊನೆಗೂ ಒಪ್ಪಲಿಲ್ಲ. ದೇವರು ಮನಸ್ಸು ಮಾಡಿದರೆ ಗೆದ್ದಲಿನ ಮೂಲಕವೂ ಮಾತಾಡಬಹುದು ಎಂದಳು.

ಮರುದಿನ ಬೆಳಿಗ್ಗೆ, ಪುಟ್ಟಿ, ನೀನು ಪೆನ್ಸಿಲ್ ಹಿಡಿದು ಬಂದೆ. ಉಳಿದ ಕಥೆಯನ್ನು ಮತ್ತೆ ಹೇಳಿಸಿ, ನನ್ನ ಕನ್ನಡವನ್ನು ನಿನ್ನ ಮಲಯಾಳಂ ಅಕ್ಷರದಲ್ಲಿ ತಾತನ ಸಾಲುಗಳ ಕೆಳಗೆ ಬರೆದೆ. ಈಗ ಆ ಹಾಳೆಯ ಮೇಲರ್ಧವನ್ನು ನಾನು ಓದಬೇಕು, ಕೆಳಗರ್ಧವನ್ನು ನೀನು. ಒಬ್ಬರೇ ಪೂರ್ತಿ ಓದಲು ಬರುವುದಿಲ್ಲ. ನಿಮ್ಮಪ್ಪನಿಗೆ ಬರುತ್ತದೆ, ಆದರೆ ಅವನು ಕೆಮ್ಮುತ್ತಾನೆ.

ಆ ಹಾಳೆಯನ್ನು ಈ ಬರಹದ ಜೊತೆಗೆ ಇಡುತ್ತಿದ್ದೇನೆ. ಇವನ್ನು ಮರದ ಕಪಾಟಿನಲ್ಲಿ ಇಡಬೇಡಿ, ಸ್ಟೀಲ್ ಡಬ್ಬಿಯಲ್ಲಿಡಿ. ಮಳೆಗಾಲಕ್ಕೆ ಮೊದಲು ಒಮ್ಮೆ ತೆಗೆದು ಬಿಸಿಲಿಗೆ ಹರಡಿ ಮತ್ತೆ ಮುಚ್ಚಿ. ಜೋಪಾನ ಮಾಡಿ, ಮಕ್ಕಳೇ. ಈ ಸಲ ಯಾವುದು ಉಳಿಯಬೇಕೆಂದು ಗೆದ್ದಲು ಆರಿಸುವುದು ಬೇಡ.