ರೊಟ್ಟಿ ಸಪ್ಪಳಕ್ಕೆ ಬರುವ ಬೆಕ್ಕು

ಆಗುವ ಮಾತಲ್ಲ ಎಂದವರು ನನ್ನ ಮಾವ. ಮಾವ ಎಂದರೆ ಸೋದರತ್ತೆಯ ಗಂಡ, ಬಿಜ್ಜರಗಿಯಲ್ಲಿ ದ್ರಾಕ್ಷಿ ತೋಟ ಮತ್ತು ಒಣದ್ರಾಕ್ಷಿಯ ಶೆಡ್ಡು ಇಟ್ಟುಕೊಂಡವರು.

"ಬೆಕ್ಕಿಗೆ ಆಪರೇಷನ್ ಮಾಡಸ್ತಾಳಂತ! ಆ ಬೂದಿ ಬೆಕ್ಕು ಇವತ್ತಿನ ತನಕ ನನ್ನ ಕೈಗೇ ಸಿಕ್ಕಿಲ್ಲ. ಈಕಿ ಹಿಡದು, ಬಸ್ಸಿನ್ಯಾಗ ಕುಂಡ್ರಿಸಿ, ಬಿಜಾಪುರಕ್ಕ ಒಯ್ದು, ಹೊಟ್ಟಿ ಕೊಯ್ಸಿ, ತಿರುಗಿ ತಂದು ಬಿಡ್ತಾಳಂತ. ಆಗೂ ಮಾತಲ್ಲ ಬಿಡ್ರಿ," ಎಂದು ಅಂಗಳದಲ್ಲಿ ಕುಳಿತವರಿಗೆಲ್ಲ ಕೇಳುವಂತೆ ಹೇಳಿದರು.

ಇದೇ ಮಾತನ್ನು ಅವರು ಹಿಂದೆ ನನ್ನ ಬಗ್ಗೆಯೂ ಹೇಳಿದ್ದರು. ಅಪ್ಪ, ಅವ್ವ ಕಬ್ಬು ಕಡಿಯಲು ಸಾಂಗ್ಲಿ ಕಡೆ ಹೋಗುತ್ತಿದ್ದರು. ನನ್ನನ್ನು ಅತ್ತೆಯ ಮನೆಯಲ್ಲಿ ಬಿಟ್ಟಿದ್ದರು. ಕತ್ತಲಿರುವಾಗಲೇ ಎದ್ದು ಬುಟ್ಟಿ ತುಂಬ ಜೋಳದ ರೊಟ್ಟಿ ಬಡಿದು, ಕೈಗೆ ಹತ್ತಿದ ಹಿಟ್ಟು ತೊಳೆದುಕೊಂಡು, ಓಡಿ ಬಸ್ಸು ಹಿಡಿದು ಕಾಲೇಜಿಗೆ ಹೋಗುತ್ತಿದ್ದೆ. ಆಗ ಮಾವ, "ಡಿಗ್ರಿ ಅಂದ್ರ ಬಸ್ಸಿನ ಟಿಕೀಟಲ್ಲ ಬೇ, ಕೇಳಿದ ಕೂಡ್ಲೆ ಹರದು ಕೊಡಾಕ. ನಮ್ಮ ಮಂದ್ಯಾಗ ಯಾರ ಮಾಡ್ಯಾರ? ಆಗೂ ಮಾತಲ್ಲ," ಎಂದಿದ್ದರು. ಆಯಿತು. ಒಂದು ವಿಷಯದಲ್ಲಿ ನಪಾಸಾಗಿ, ಮತ್ತೆ ಬರೆದು, ಆಯಿತು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಅಂದೇ ಒಂದು ಆಣೆಯನ್ನೂ ಮಾಡಿಕೊಂಡಿದ್ದೆ: ಇನ್ನು ಮೇಲೆ ರೊಟ್ಟಿ ಬಡಿಯಲು ಒಲೆಯ ಮುಂದೆ ಕೂರುವುದಿಲ್ಲ.

ಈಗ ತೊರವಿಯ ಹತ್ತಿರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ. ಇರುವುದು ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯ ಒಂದು ಬಾಡಿಗೆ ಕೋಣೆಯಲ್ಲಿ. ಬೆಕ್ಕಿನ ಕೆಲಸ ಶುರುವಾಗಿದ್ದು ಅಲ್ಲಿಯೇ. ಅರ್ಧ ಕಟ್ಟಿ ಬಿಟ್ಟ ಮನೆಗಳಲ್ಲಿ ಬೆಕ್ಕುಗಳು ಮರಿ ಹಾಕುತ್ತಿದ್ದವು, ಕೆಲವನ್ನು ನಾಯಿಗಳು ಹರಿಯುತ್ತಿದ್ದವು, ಉಳಿದವು ಬೆಳೆದು ಮತ್ತೆ ಮರಿ ಹಾಕುತ್ತಿದ್ದವು. ಬಡಾವಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟ ಒಬ್ಬ ಹೆಣ್ಣುಮಗಳಿದ್ದಾಳೆ, ನಾನು ಆಪಾ ಎನ್ನುತ್ತೇನೆ. ಬೋನು ಇಡುವುದನ್ನು ನನಗೆ ಕಲಿಸಿದವಳು ಅವಳೇ. ಬೆಕ್ಕು ಗಾಬರಿಯಾಗದಿರಲಿ ಎಂದು ಉಳಿದ ಲೈನಿಂಗ್ ಬಟ್ಟೆಗಳನ್ನು ಕೂಡಿಸಿ ಬೋನಿಗೆ ಮೇಲಿಂದ ಹೊದಿಸಲು ಒಂದು ಕುಂಚಿಗೆಯನ್ನೂ ಹೊಲಿದಿದ್ದಾಳೆ. ಹಿಡಿಯುವುದು, ಆಪರೇಷನ್ ಮಾಡಿಸುವುದು, ಗಾಯ ಮಾಯುವ ತನಕ ಇಟ್ಟುಕೊಳ್ಳುವುದು, ಹಿಡಿದಲ್ಲಿಯೇ ತಂದು ಬಿಡುವುದು. ಕೆಲಸ ಇಷ್ಟೇ. ಈ ಕೊನೆಯ ಮಾತೇ ಜನರಿಗೆ ಹಿಡಿಸುವುದಿಲ್ಲ.

"ಒಯ್ದದ್ದು ಒಯ್ದ್ರಿ, ತಿರುಗಿ ಯಾಕ ತಂದ್ರಿ?" ಎಂದು ಕಾಂಪೌಂಡಿನ ಮೇಲಿಂದ ಬಗ್ಗಿ ಕೇಳುತ್ತಾರೆ.

"ಅಕ್ಕಾರ, ನಿಮಗ ಆಪರೇಷನ್ ಆದ ಮ್ಯಾಲ ನಿಮ್ಮನ್ನ ಮನಿಗೇ ಕರಕೊಂಡ ಬಂದ್ರಲ್ರಿ?" ಎಂದು ಆಪಾ ಒಮ್ಮೆ ಒಬ್ಬಾಕೆಗೆ ಕೇಳಿಬಿಟ್ಟಳು. ಆ ಮನೆಯವರು ಆಮೇಲೆ ಅವಳ ಅಂಗಡಿಗೆ ಹೊಲಿಯಲು ಬಟ್ಟೆ ಕೊಡುವುದನ್ನು ಬಿಟ್ಟರು. ನನ್ನ ಕೋಣೆಗೆ ಬೆಕ್ಕಿನ ಉಚ್ಚೆಯ ನಾತ ಹಿಡಿದಿದೆ. ಫಿನಾಯಿಲ್‌ಗೆ ಹೋಗುವುದಿಲ್ಲ. ಒಂದು ಓಣಿ ಮುಗಿಯಿತು ಎನ್ನುವಷ್ಟರಲ್ಲಿ ಯಾರೋ ಮತ್ತೆ ಮರಿಗಳನ್ನು ಡಬ್ಬಿಯಲ್ಲಿ ಹಾಕಿ ಬಾಗಿಲಿಗೆ ಇಟ್ಟು ಹೋಗಿರುತ್ತಾರೆ. ಯಾಕೆ ಮಾಡುತ್ತೀ ಎಂದು ಕೇಳಿದರೆ ಈಗೀಗ ಉತ್ತರ ಕೊಡುವುದಕ್ಕೂ ಬೇಸರ.

ಅಂಥ ದಿನಗಳಲ್ಲಿಯೇ ಅತ್ತೆ ಫೋನು ಮಾಡಿದ್ದು.

ಒಣದ್ರಾಕ್ಷಿ ಶೆಡ್ಡಿಗೆ ಬೆಕ್ಕು ಬೇಕೇ ಬೇಕು, ಇಲ್ಲದಿದ್ದರೆ ಇಲಿ ಎಲ್ಲವನ್ನೂ ಕಡಿಯುತ್ತವೆ. ಆದರೆ ಬೂದಿ ಬೆಕ್ಕು ಈದದ್ದೇ ಈದದ್ದು. ಹಿಂದಿನ ಹಂಗಾಮಿನಲ್ಲಿ ಅದರ ಮರಿಗಳು, ದ್ರಾಕ್ಷಿ ಒಣಗಿಸಲು ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹತ್ತಿ ಹೇತು ಉಚ್ಚೆ ಹೊಯ್ದು, ಒಂದು ಅಂತಸ್ತಿನ ಮಾಲನ್ನೆಲ್ಲ ಚೆಲ್ಲಬೇಕಾಗಿತ್ತು. ಕೊಳ್ಳಲು ಬಂದವರು ಮೂಗು ಮುಚ್ಚಿಕೊಂಡು ಹೋಗಿದ್ದರು. ಈ ಸಲ ದ್ರಾಕ್ಷಿ ಹಾಕುವುದರೊಳಗೆ ತಾಯಿ, ಮರಿ ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಅಥಣಿ ಕಡೆ ಎಲ್ಲಾದರೂ ಬಿಟ್ಟು ಬರುತ್ತೇನೆಂದು ಮಾವ ಹಟ ಹಿಡಿದಿದ್ದರು. ಹಿಡಿಯಲು ಊರಿನ ಒಬ್ಬನಿಗೆ ಹೇಳಿಯೂ ಇಟ್ಟಿದ್ದರು.

"ಆ ಬೆಕ್ಕು ನನ್ನ ಕೈಯಾಗಿನ ತುತ್ತು ತಿಂದು ಬೆಳದೈತಿ," ಎಂದಳು ಅತ್ತೆ. "ಎಲ್ಲೋ ರಸ್ತಾದಾಗ ಬಿಟ್ರ ನಾಯಿ ಬಿಡ್ತಾವೇನು? ನೀ ಕಲತಾಕಿ ಅದಿ, ಏನರೆ ಮಾಡವ್ವಾ."

ಹೋದೆ. ಮಾವ ಒಂದು ಕರಾರು ಹಾಕಿದರು: "ಇನ್ನ ಮರಿ ಹಾಕಂಗಿಲ್ಲ ಅಂತ ಡಾಕ್ಟರ್ ಕೈಲೆ ಸರ್ಟಿಫಿಕೇಟ್ ಬರಿಸಿಕೊಂಡು ಬಾ. ಬೆಕ್ಕು ಇಲ್ಲೇ ಇರಲಿ. ಬಾಯಿ ಮಾತಿಂದು ನನಗ ಬ್ಯಾಡ. ದ್ರಾಕ್ಷಿ ಕಡಿಯೂದರೊಳಗ ಆಗಬೇಕು."

ಮೊದಲ ಸಲ ಎಲ್ಲವೂ ಸಲೀಸಾಗಿ ಆಯಿತು. ಅತ್ತೆಯ ಅಡುಗೆಮನೆಯ ಹಿಂದೆ ಬೋನು ಇಟ್ಟೆ. ಅತ್ತೆ ಮುಂಜಾನೆ ರೊಟ್ಟಿ ಬಡಿಯಲು ಶುರು ಮಾಡಿದರೆ ಸಾಕು, ಬೆಕ್ಕುಗಳು ಆ ಸಪ್ಪಳಕ್ಕೆ ಶೆಡ್ಡಿನಿಂದ ಓಡಿ ಬರುತ್ತವೆ. ಮೊದಲ ರೊಟ್ಟಿ ಹಾಲಿನಲ್ಲಿ ಕಲಸಿ ಅವಕ್ಕೇ ಹಾಕುವುದು ಅವಳ ರೂಢಿ. ದವಾಖಾನೆಗೆ ಒಯ್ಯುವ ಹಿಂದಿನ ದಿನವೇ ತಾಯಿ ಮತ್ತು ಬೆಳೆದ ಎರಡು ಮರಿ ಸಿಕ್ಕವು. ಆಪರೇಷನ್‌ಗೆ ಒಯ್ಯುವ ಬೆಕ್ಕಿಗೆ ಮುಂಜಾನೆ ಏನೂ ಹಾಕಬಾರದು, ನೀರು ಬಿಟ್ಟು ಏನೂ ಹಾಕಬೇಡ ಎಂದು ಅತ್ತೆಗೆ ಮತ್ತೆ ಮತ್ತೆ ಹೇಳಿದೆ. ಹೂಂ ಎಂದಳು.

ಬಸ್ಸಿನಲ್ಲಿ ಕಂಡಕ್ಟರ್ ಕುಂಚಿಗೆ ಎತ್ತಿ ನೋಡಿದ. "ಕೋಳಿ ಏನ್ರಿ?"

"ಬೆಕ್ಕರೀ."

"ಎಲ್ಲಿಗೆ ಹೊಂಟಾವು?"

"ದವಾಖಾನಿಗೆ, ಮರಿ ಆಗದಂಗ ಆಪರೇಷನ್ ಮಾಡಸಾಕ."

"ಹಂಗಾರ ಹೆಣ್ಣು ಬೆಕ್ಕಿಗೆ ಟಿಕೀಟಿಲ್ಲ, ಫ್ರೀ," ಎಂದು ಹೇಳಿ ಬಸ್ಸನ್ನೆಲ್ಲ ನಗಿಸಿ ಮುಂದೆ ಹೋದ.

ವಿಜಯಪುರದಲ್ಲಿ ನಮಗೆ ಈ ಆಪರೇಷನ್ ಮಾಡಿಕೊಡುವ ಪಶುವೈದ್ಯರು ಒಬ್ಬರಿದ್ದಾರೆ. ಮರಿಗಳನ್ನು ನೋಡಿ ಆಗಲಿ ಎಂದರು. ತಾಯಿಯ ಬೋನಿನ ಮುಂದೆ ಕೂತು, ಕನ್ನಡಕ ಏರಿಸಿ, ನನ್ನ ಕಡೆ ತಿರುಗಿದರು.

"ಮೀಸಿಗೆ ಹಾಲ ಹತ್ತೈತಲ್ರಿ?"

ಬೋನಿನ ಮೂಲೆಯಲ್ಲಿ ರೊಟ್ಟಿಯ ಚೂರೂ ಇತ್ತು.

"ಎಚ್ಚರ ತಪ್ಪಿಸೂ ಇಂಜೆಕ್ಷನ್ ಕೊಟ್ಟಾಗ ವಾಂತಿ ಆದ್ರ ಉಸಿರಿನ ಕೊಳವಿಗೆ ಹೋಗತೈತಿ. ಸತ್ತ ಹೋಗತೈತ್ರಿ. ಇವತ್ತ ಆಗಂಗಿಲ್ಲ, ಒಯ್ರಿ," ಎಂದರು.

ಅತ್ತೆಗೆ ಫೋನು ಹಚ್ಚಿದೆ.

"ಮರಿಗೆ ಹಾಕಿಲ್ಲವ್ವಾ, ನಿನ್ನಾಣಿ," ಎಂದಳು. "ಹೆತ್ತಾಕಿ ಅಲ್ಲನು ಅದು? ಹೊಟ್ಟಿ ಕೊಯ್ಯಾಕ ಕಳಸೂ ಮುಂದ ಬರೇ ಹೊಟ್ಟೀಲೆ ಹ್ಯಾಂಗ ಕಳಸೂದು? ಒಂದ ಚೂರ ಹಾಕೇನಿ, ಒಂದ ಚೂರ."

ಸಿಟ್ಟು ಬಂತು. ಆದರೆ ಬೈಯದೆ ಫೋನು ಇಟ್ಟೆ. ಪರೀಕ್ಷೆಯ ದಿನಗಳಲ್ಲಿ ಹಾಲಿನಲ್ಲಿ ರೊಟ್ಟಿ ಮುರಿದು ಕಲಸಿ, ತಿಂದ ಹೊರತು ನನ್ನನ್ನು ಹೊಸ್ತಿಲು ದಾಟಲು ಬಿಡದ ಕೈ ಅದು.

ಮರಿಗಳು ಆಪರೇಷನ್ ಆಗಿ, ಗುರುತಿಗೆ ಎಡಗಿವಿಯ ತುದಿ ಕತ್ತರಿಸಿಕೊಂಡು ಆಮೇಲೆ ಊರಿಗೆ ಮರಳಿದವು. ವೈದ್ಯರಿಗೆ ಮತ್ತೆ ಬಿಡುವಿದ್ದುದು ಮುಂದಿನ ವಾರ, ಅಷ್ಟು ದಿನ ಬೋನಿನಲ್ಲಿ ಕೂಡಿಡುವುದು ಬೇಡವೆಂದು ತಾಯಿಯನ್ನು ಮಾತ್ರ ಅಂದೇ ತಿರುಗಿ ಒಯ್ದು ಬಿಟ್ಟೆ. ಬಾಗಿಲು ಎತ್ತಿದ್ದೇ ತಡ, ಕಲ್ಲು ಬೀಸಿದಂತೆ ಹೋಯಿತು. ಅದೇ ಕೊನೆ. ಆಮೇಲೆ ಅಡುಗೆಮನೆಯ ಹಿಂದೆ ಬರಲೇ ಇಲ್ಲ. ಅತ್ತೆ ಎಷ್ಟು ರೊಟ್ಟಿ ಬಡಿದರೂ ಶೆಡ್ಡಿನ ತಗಡಿನ ಕೆಳಗೆ ಕೂತು ಅಲ್ಲಿಂದಲೇ ನೋಡುವುದು.

"ಹೇಳಿದ್ದಿಲ್ಲೇನು ನಾ?" ಎಂದರು ಮಾವ. "ಡಿಗ್ರಿ ಮನಷ್ಯಾರದು. ಬೆಕ್ಕಿಗೆ ಅದು ತಿಳಿಯಂಗಿಲ್ಲ."

ಬಿಸಿಲು ಏರುತ್ತಿತ್ತು, ತೋಟದಲ್ಲಿ ಗೊನೆಗಳು ಸಿಹಿ ಹಿಡಿಯುತ್ತಿದ್ದವು. ಕೂಲಿಯವರು ಶೆಡ್ಡಿನ ಬಲೆಗಳನ್ನು ತೊಳೆದು ಕಟ್ಟುತ್ತಿದ್ದರು. ದ್ರಾಕ್ಷಿ ಕಡಿಯುವ ದಿನ ಹತ್ತಿರ ಬಂದಂತೆ ಆ ಬೆಕ್ಕಿನ ಗಡುವೂ ಮುಗಿಯುತ್ತಿತ್ತು. ನಾನು ಬೋನಿನಲ್ಲಿ ಒಣಮೀನು ಇಡೋಣವೆಂದರೆ ಮಾವನ ಮನೆಯಲ್ಲಿ ಅದರ ಹೆಸರೂ ಎತ್ತುವಂತಿಲ್ಲ. ಬೆಣ್ಣೆ ಇಟ್ಟೆ. ಇರುವೆ ತಿಂದವು.

ಅದಕ್ಕೆ ರೊಟ್ಟಿಯ ಸಪ್ಪಳ ಬೇಕು, ಆದರೆ ಅಡುಗೆಮನೆ ಬೇಡ ಎಂದು ನನಗೆ ಹೊಳೆಯಿತು. ಶೆಡ್ಡಿನ ಕೊನೆಯಲ್ಲಿ ಒಲೆ ಹೂಡಿ ಅಲ್ಲಿಯೇ ಬಡಿಯಬೇಕು. ಅತ್ತೆಗೆ ಹೇಳಿದೆ. ಅತ್ತೆ ತಲೆ ಅಲ್ಲಾಡಿಸಿದಳು.

"ಒಮ್ಮಿ ನನ್ನ ಕೈ ನಂಬಿ ಬಂದು ಸಿಕ್ಕೊಂಡೈತಿ. ಮತ್ತ ನನ್ನ ಕೈಲೆ ಮೋಸ ಮಾಡಸಬ್ಯಾಡ ಬೇ. ನೀ ಬಡಿ."

ಹೀಗೆ, ಆಣೆ ಮಾಡಿದವಳೇ ಮತ್ತೆ ಒಲೆಯ ಮುಂದೆ ಕೂತೆ. ಕೋಣೆಗೆ ಬೀಗ ಹಾಕಿ ಬಿಜ್ಜರಗಿಯಲ್ಲಿಯೇ ಉಳಿದೆ. ಬೆಳಗು ಹರಿಯುವಾಗ ಶೆಡ್ಡಿನಲ್ಲಿ ರೊಟ್ಟಿ ಬಡಿಯುವುದು, ಆಮೇಲೆ ಬಸ್ಸು ಹಿಡಿದು ತೊರವಿಗೆ ಕೆಲಸಕ್ಕೆ ಹೋಗುವುದು. ಕಾಲೇಜು ಕಲಿಯುವಾಗಿನ ದಿನಚರಿಯೇ ತಿರುಗಿ ಬಂದು ಕೂತಂತಿತ್ತು, ಸೊಂಟಕ್ಕೆ ಮಾತ್ರ ಆಗಿನ ವಯಸ್ಸಿರಲಿಲ್ಲ. ಕೈಗೆ ರೂಢಿ ತಪ್ಪಿತ್ತು. ಮೊದಲ ರೊಟ್ಟಿಗಳು ಅಂಚಿಗೆ ಸೀಳಿದವು.

ಮಾವ ಚಹಾದ ಕಪ್ಪು ಹಿಡಿದು ಬಂದು ನಿಂತರು. "ಇದೇನು, ಮಾರಾಷ್ಟ್ರದ ನಕ್ಷಾ ಬಡದೀ?"

"ಮಾಮಾ, ತಿನ್ನೂದು ಬೆಕ್ಕು. ಅದಕ್ಕ ಚಂದ ಬೇಕಾಗಿಲ್ಲ."

"ಬೆಕ್ಕಿಗೂ ಅಭಿರುಚಿ ಇರ್ತೈತಿ," ಎಂದು ಹೋದರು.

ಬೋನಿನ ಬಾಗಿಲನ್ನು ಹಗ್ಗದಿಂದ ಎತ್ತಿ ಕಟ್ಟಿದ್ದೆ, ಬೀಳದ ಹಾಗೆ. ಮೊದಲ ರೊಟ್ಟಿ ಹಾಲಿನಲ್ಲಿ ಕಲಸಿ ಅದರಿಂದ ದೂರದಲ್ಲಿ ಇಟ್ಟೆ. ಆ ದಿನ ಬೆಕ್ಕು ಇಳಿಯಲಿಲ್ಲ. ನಾನು ಕೆಲಸಕ್ಕೆ ಹೋದ ಮೇಲೆ ತಟ್ಟೆ ಖಾಲಿಯಾಗಿತ್ತಂತೆ. ಮುಂದೊಂದು ದಿನ ನಾನಿರುವಾಗಲೇ ಇಳಿಯಿತು. ತಟ್ಟೆಯನ್ನು ದಿನವೂ ಒಂದಿಷ್ಟು ಬೋನಿನ ಕಡೆ ಸರಿಸಿದೆ. ಆಮೇಲೆ ಹೊಸ್ತಿಲಿಗೆ. ಆಮೇಲೆ ಒಳಗೆ. ಬೆಕ್ಕು ಅರ್ಧ ಮೈ ಒಳಗೆ, ಅರ್ಧ ಹೊರಗೆ ಇಟ್ಟು, ಹಿಂಗಾಲು ನಡುಗಿಸುತ್ತ ತಿನ್ನುತ್ತಿತ್ತು. ನಾನು ಬಡಿಯುವುದನ್ನು ನಿಲ್ಲಿಸಿದರೆ ಅದೂ ತಿನ್ನುವುದನ್ನು ನಿಲ್ಲಿಸುವುದು. ಹೊಗೆಗೆ ಕಣ್ಣು ಉರಿಯುತ್ತಿದ್ದರೂ ಬಡಿಯುತ್ತಿದ್ದೆ.

ಬರುವ ವಾರ ದ್ರಾಕ್ಷಿ ಕಡಿಯುವುದೆಂದು ಮಾವ ಕೂಲಿಯವರಿಗೆ ಹೇಳಿದರು. ಆ ಆದಿತ್ಯವಾರ ಸಂಜೆ ನಾನು ಹಗ್ಗ ಬಿಚ್ಚಿದೆ. ರೊಟ್ಟಿ ಬಡಿದೆ. ಬೆಕ್ಕು ಪೂರ್ತಿ ಒಳಗೆ ಹೋಗಿ ತಲೆ ಬಗ್ಗಿಸಿತು. ಬಾಗಿಲು ಬಿದ್ದ ಸಪ್ಪಳಕ್ಕೆ ನನ್ನ ಕೈಯಲ್ಲಿದ್ದ ಹಿಟ್ಟು ನೆಲಕ್ಕೆ ಬಿತ್ತು. ಖುಷಿಯಾಗಲಿಲ್ಲ. ಕುಂಚಿಗೆ ಹೊದಿಸಿ ಅದರ ಪಕ್ಕದಲ್ಲಿಯೇ ಕೂತೆ.

ಅತ್ತೆ ಬಂದು ನೋಡಿದಳು. "ಮುಂಜಾನಿ ಏನೂ ಹಾಕಬಾರದಲ್ಲ?"

"ಏನೂ ಹಾಕಬಾರದು ಅತ್ತಿ. ಹಾಕಿದ್ರ ಅದು ಸಾಯತೈತಿ."

"ಹಂಗಾರ ನಾನೂ ಉಣ್ಣಂಗಿಲ್ಲ. ಹೆಂಗೂ ನಾಳಿ ಸೋಮವಾರ."

ಅವಳಿಗೆ ಸೋಮವಾರ ಒಪ್ಪತ್ತು, ಒಂದು ಹೊತ್ತಾದರೂ ಉಣ್ಣುತ್ತಾಳೆ. ಆ ದಿನ ಬೆಕ್ಕು ಏಳುವ ತನಕ ಅದನ್ನೂ ಉಣ್ಣಲಿಲ್ಲವಂತೆ. ಬೆಕ್ಕಿಗೆ ಎಚ್ಚರವಾಗುವುದನ್ನು ಕಾಯುತ್ತ ನಾನು ದವಾಖಾನೆಯ ಬೆಂಚಿನ ಮೇಲೆ ಕೂತಿದ್ದಾಗ ತಾಸಿಗೊಮ್ಮೆ ಫೋನು ಬರುತ್ತಿತ್ತು. "ಎದ್ದೈತೇನು?" ಇನ್ನೂ ಇಲ್ಲ. "ಎದ್ದೈತೇನು?" ಅದರ ನಡುವೆ ಬಬಲೇಶ್ವರದಿಂದ ಗೊತ್ತಿಲ್ಲದವರೊಬ್ಬರ ಫೋನು: "ಬೆಕ್ಕು ಒಯ್ಯೂ ಮೇಡಮ್ಮಾರು ನೀವೇ ಏನ್ರಿ? ನಮ್ಮ ಗೋದಾಮಿನ್ಯಾಗ ಭಾಳ ಆಗ್ಯಾವ್ರಿ." ಒಯ್ಯುವುದಿಲ್ಲ, ತಿರುಗಿ ಬಿಡುತ್ತೇವೆ ಎಂದು ಮೊದಲಿನಿಂದ ಹೇಳಿದೆ. ಮುಂದಿನ ವಾರ ಬರುತ್ತೇನೆ ಎಂದೂ ಹೇಳಿದೆ. ಬರುವುದಿಲ್ಲ ಎನ್ನುವುದು ನನಗೆ ಬರುವುದಿಲ್ಲ.

ಬೆಕ್ಕು ತಲೆ ಎತ್ತಿತು. ಅತ್ತೆಗೆ ಹೇಳಿದೆ. ಫೋನಿನಲ್ಲಿ ತಟ್ಟೆ ಎಳೆದುಕೊಂಡ ಸದ್ದು ಕೇಳಿಸಿತು.

ವೈದ್ಯರು ಸರ್ಟಿಫಿಕೇಟು ಬರೆಯಲು ಕೂತರು. ಬಣ್ಣ ಬೂದಿ, ಹೆಣ್ಣು, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ಹುಚ್ಚುನಾಯಿ ರೋಗದ ಲಸಿಕೆ ಹಾಕಿದೆ, ಎಡಗಿವಿಗೆ ಗುರುತು. "ಸಾಕಿದವರು ಯಾರಂತ ಬರೀಲ್ರಿ? ಯಾವಾಗಿನಂಗ ನಿಮ್ಮ ಹೆಸರೇ ಏನು?"

"ಅಲ್ರಿ," ಎಂದು ಅತ್ತೆಯ ಹೆಸರು ಹೇಳಿದೆ.

ಗಾಯ ಮಾಯುವ ತನಕ ನನ್ನ ಕೋಣೆಯಲ್ಲಿ ಇಟ್ಟುಕೊಂಡು, ಬೆಕ್ಕನ್ನು ಶೆಡ್ಡಿಗೆ ಒಯ್ದ ದಿನ ದ್ರಾಕ್ಷಿ ಬಲೆಯ ಮೇಲೆ ಬಿದ್ದಾಗಿತ್ತು. ಶೆಡ್ಡೆಲ್ಲ ದ್ರಾಕ್ಷಿ ಅದ್ದಿದ ಔಷಧ, ಎಣ್ಣೆ, ಹಣ್ಣಿನ ವಾಸನೆ. ಬಾಗಿಲು ಎತ್ತಿದೆ. ಈ ಸಲ ಓಡಲಿಲ್ಲ. ನಾಲ್ಕು ಹೆಜ್ಜೆ ಹೋಗಿ, ನಿಂತು, ನಾನು ಹೂಡಿದ್ದ ಒಲೆಯ ಬೂದಿಯನ್ನು ಮೂಸಿ, ಮೂಲೆಗೆ ಹೋಗಿ ಕೂತಿತು. ಅದರ ಕಿವಿ ನೋಡಿ ಅತ್ತೆ, "ಮಂದಿ ಕಿವಿ ಚುಚ್ಚಿಸಿ ಬೆಂಡವಾಲಿ ಹಾಕಸ್ತಾರ. ನೀ ಕತ್ತರಿಸಿಕೊಂಡ ಬಂದೀ," ಎಂದಳು.

ಚೀಲದಿಂದ ಸರ್ಟಿಫಿಕೇಟು ತೆಗೆದು ಮಾವನ ಕೈಗೆ ಕೊಟ್ಟೆ. ಕೈ ಒರೆಸಿಕೊಂಡು ತೆಗೆದುಕೊಂಡರು. ಬೆಳಕಿನ ಕಡೆ ಹಿಡಿದು, ತುಟಿ ಅಲುಗಿಸುತ್ತ, ಒಂದೊಂದೇ ಸಾಲು ಓದಿದರು. ಒಂದು ಕಡೆ ನಿಂತರು. ಮತ್ತೆ ಓದಿದರು.

"ಇದರಾಗ ನಿನ್ನ ಹೆಸರು ಬರದಾರಲ್ಲ," ಎಂದು ಹೆಂಡತಿಯ ಕಡೆ ನೋಡಿದರು. "ಬೆಕ್ಕು ನಿಂದಂತ."

ಅತ್ತೆ ಅವರ ಕೈಯಿಂದ ಕಾಗದ ತೆಗೆದುಕೊಂಡಳು, ಮಡಚಿ ಸೆರಗಿನ ತುದಿಗೆ ಗಂಟು ಹಾಕಿದಳು.

"ಹೊಲ ನಿಮ್ಮ ಹೆಸರಿಲೆ ಐತಿ, ಶೆಡ್ಡು ನಿಮ್ಮ ಹೆಸರಿಲೆ ಐತಿ," ಎಂದಳು. "ಇದೊಂದು ನನ್ನ ಹೆಸರಿಲೆ. ಇನ್ನ ಮ್ಯಾಲ ಚೀಲ ತರೂ ಮುಂದ ನನ್ನ ಕೇಳ್ರಿ."