ಕಾರಂಜಿಯ ಮುಂದೆ ಅಕ್ಕ

ಹೈದರಾಬಾದಿನ ಸರ್ಕಾರಿ ಉದ್ಯಾನದಲ್ಲಿ ಸಿನಿಮಾದವರು ಕುಣಿಯಬೇಕಿದ್ದರೆ ನಮ್ಮಪ್ಪನ ಸಹಿ ಬೇಕಿತ್ತು. ಮನೆಯಲ್ಲಿ ಒಂದು ಬಲ್ಬು ಬದಲಿಸಲು ಬಾರದ ಮನುಷ್ಯನಿಗೆ ಅಂಥ ಅಧಿಕಾರ!

ಗಂಡಿನ ಕಡೆಯವರಿಗೆ ಕಳಿಸಲು ಅಕ್ಕನ ಫೋಟೊ ಬೇಕಾದಾಗ ಎಲ್ಲರೂ ಆ ಉದ್ಯಾನದ ಕಾರಂಜಿಯ ಬಳಿ ಹೋದೆವು. ಸೋದರಮಾವನ ಕೈ ನಡುಗುತ್ತಿತ್ತು. ಅವನು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿದ್ದೇ ತಡ, ಕಾವಲುಗಾರ ಓಡಿಬಂದ. ಕೈಯಲ್ಲಿ ಹಿಡಿದರೆ ಫೋಟೊ, ಸ್ಟ್ಯಾಂಡಿನ ಮೇಲಿಟ್ಟರೆ ಶೂಟಿಂಗ್, ಅದಕ್ಕೆ ಪರ್ಮಿಷನ್ ಬೇಕು ಎಂದ. ಅಪ್ಪ ಅವನ ಬೆನ್ನು ತಟ್ಟಿ, ನಮ್ಮನ್ನು ಮನೆಗೆ ಕರೆತಂದು, ತನಗೆ ತಾನೇ ಅರ್ಜಿ ಬರೆದ. ಸೋಮವಾರ ಕಚೇರಿಗೆ ಹೋಗಿ ಅದನ್ನು ತಾನೇ ತಿರಸ್ಕರಿಸಿ ಬಂದ. ಅರ್ಜಿದಾರ ಅಧಿಕಾರಿಗೆ ತೀರಾ ಹತ್ತಿರದವನಂತೆ.

“ಸಿನಿಮಾದವ್ರು ಕುಣಿಯಾಕ ಸಹಿ ಹಾಕ್ತೀರಿ, ನಿಮ್ಮ ಮಗಳು ಸುಮ್ನ ನಿಲ್ಲಾಕ ಆಗಂಗಿಲ್ಲೇನ್ರಿ?” ಎಂದು ರೇಗಿದ ಅವ್ವ, ಅಕ್ಕನನ್ನು ಅಮೀರ್‌ಪೇಟ್‌ನ ಒಂದು ಸ್ಟುಡಿಯೋಗೆ ಎಳೆದೊಯ್ದಳು. ಅಲ್ಲಿನ ಪರದೆಯ ಮೇಲೆ ಅದೇ ಉದ್ಯಾನ, ಅದೇ ಕಾರಂಜಿಯ ಚಿತ್ರವಿತ್ತು.

ಫೋಟೊ ಬಂದಾಗ ಅಪ್ಪ ಕನ್ನಡಕ ಹಾಕಿಕೊಂಡು, ಅಕ್ಕನ ಮುಖವೊಂದನ್ನು ಬಿಟ್ಟು ಉಳಿದದ್ದೆಲ್ಲ ನೋಡಿ ಕೇಳಿದ:

“ಇದಕ್ಕ ಪರ್ಮಿಷನ್ ಯಾರು ಕೊಟ್ರು?”