ಅಣ್ಣನ ಮೊಣಕೈ

ಇವತ್ತು, ಈಗ ನಾವಿರುವ ಕ್ರೇಗಿಬರ್ನ್‌ನ ಮೈದಾನದಲ್ಲಿ ಯಾರೋ ಮಗನ ಕೈಗೆ ನೋವಿನ ಮುಲಾಮು ಹಚ್ಚುತ್ತಿದ್ದರು. ಆ ವಾಸನೆಗೆ ಸಿಡ್ನಿಯ ಲಿವರ್‌ಪೂಲ್‌ನಲ್ಲಿದ್ದ ನಮ್ಮ ಹಳೇ ಮನೆ ನೆನಪಾಯಿತು. ಆಗ ಅಣ್ಣ ಬೇಸ್‌ಬಾಲ್ ಪಿಚರ್. ಚೆಂಡೆಸೆದು ಬಂದವನ ಮೊಣಕೈಯನ್ನು ಅಪ್ಪ ದಿನವೂ ತಿಕ್ಕುತ್ತಿದ್ದರು.

ಅಮೆರಿಕದ ತಂಡದವರು ಆಟಗಾರರನ್ನು ಆರಿಸಲು ಬಂದ ದಿನ ಅಣ್ಣ, "ಅಪ್ಪಾ, ಕೈ ತುಂಬಾ ನೋಯ್ತಿದೆ, ಇವತ್ತು ಬೇಡ" ಅಂದ.

"ನೋವೆಲ್ಲಾ ತಲೇಲಿರೋದು ಕಣೋ. ಪಿಚರ್ ಆದವನು ಅದನ್ನ ತೋರಿಸ್ಬಾರ್ದು," ಎಂದರು ಅಪ್ಪ.

ಅಣ್ಣ ತೋರಿಸಲಿಲ್ಲ. ಹಲ್ಲು ಕಚ್ಚಿಕೊಂಡು ಎಸೆಯುತ್ತಲೇ ಹೋದ. ಕೊನೆಗೆ ಮೊಣಕೈಯ ಲಿಗಮೆಂಟ್ ಹರಿದು ಅಲ್ಲೇ ಕುಸಿದ. ಆಪರೇಷನ್ ಆದರೂ ಮತ್ತೆ ಮೊದಲಿನಂತೆ ಎಸೆಯಲಾಗಲಿಲ್ಲ.

ಕಳೆದ ಭಾನುವಾರ ನಮ್ಮನೆ ಊಟಕ್ಕೆ ಬಂದಿದ್ದ ಅಂಕಲ್ ಒಬ್ಬರಿಗೆ ಅಪ್ಪ ಪಕ್ಕದಲ್ಲಿದ್ದ ಅಣ್ಣನನ್ನು ತೋರಿಸಿ ಹೇಳಿದರು, "ಟ್ಯಾಲೆಂಟ್ ಇತ್ತು ಇವನಿಗೆ. ಮನಸ್ಸು ಗಟ್ಟಿ ಇರ್ಲಿಲ್ಲ."

ಅಣ್ಣ ಅರ್ಧ ಊಟಕ್ಕೇ ಎದ್ದು ಹೋದ.

"ನೋಡಿ, ಇದೇ ಇವನ ಪ್ರಾಬ್ಲಮ್," ಎಂದು ಅಪ್ಪ ಸಾರು ಬಡಿಸಿಕೊಂಡರು.